ಭೂಮೌಲ್ಯಮಾಪಕರ ಮರುಶಿಕ್ಷಣ: ಹೊಸಪೇಟೆ, ಹಂಪೆ, ಸಂಡೂರು, ಕಂಪ್ಲಿ ಸೀಮೆಯ ಚರಿತ್ರೆಯ ಬೆಳಕಿನಲ್ಲಿ

ಹೊಸಪೇಟೆಯಿಂದ ಕಮಲಾಪುರದ ಮೇಲೆ ಕಂಪ್ಲಿಗೆ ಹೋಗುವ ದಾರಿಯಲ್ಲಿ ನಡೆದವರಿಗೆ ಒಂದು ಸಂಗತಿ ತಾನಾಗಿಯೇ ಕಣ್ಣಿಗೆ ಬೀಳುತ್ತದೆ. ಒಂದು ಕಡೆ ಬತ್ತ, ಬಾಳೆ, ಕಬ್ಬುಗಳ ಹಸುರು. ಇನ್ನೊಂದು ಕಡೆ ಹೆಬ್ಬಂಡೆಗಳ ಗುಡ್ಡ ಮತ್ತು ಮಳೆಯನ್ನೇ ನೆಚ್ಚಿದ ಬೆದ್ದಲು. ಎಷ್ಟೋ ಕಡೆಗಳಲ್ಲಿ ಇವೆರಡರ ನಡುವೆ ಇರುವುದು ಒಂದು ಕಾಲುವೆ ಮಾತ್ರ. ಕಾಲುವೆಯ ಕೆಳಗಿನ ಒಂದು ಎಕರೆಗೂ ಮೇಲಿನ ಒಂದು ಎಕರೆಗೂ ಅಳತೆಯಲ್ಲಿ ಭೇದವಿಲ್ಲ, ಬೆಲೆಯಲ್ಲಿ ಅಜಗಜಾಂತರವಿದೆ. ಆದಕಾರಣ ಈ ಸೀಮೆಯಲ್ಲಿ ಭೂಮಿಯನ್ನು ಅಳೆಯಬಲ್ಲವನೆಲ್ಲ ಅದರ ಬೆಲೆಯನ್ನು ಹೇಳಬಲ್ಲವನೆಂದು ಭಾವಿಸುವಂತಿಲ್ಲ. ಒಮ್ಮೆ ಸರಿಯಾಗಿ ಹೇಳಿದವನು ಹತ್ತು ವರ್ಷಗಳ ತರುವಾಯವೂ ಸರಿಯಾಗಿಯೇ ಹೇಳುವನೆಂದು ನಂಬುವಂತೆಯೂ ಇಲ್ಲ.

ಭೂಮಿ ಮತ್ತು ಕಟ್ಟಡಗಳ ಮೌಲ್ಯವನ್ನು ನಿರ್ಣಯಿಸುವವರು ಒಂದು ಸಲ ಪರೀಕ್ಷೆಯಲ್ಲಿ ತೇರ್ಗಡೆಯಾದರೆ ಸಾಲದು, ಕಾಲಕಾಲಕ್ಕೆ ಮರಳಿ ಕಲಿಯುತ್ತಿರಬೇಕು ಎಂಬ ನಿಯಮವು ಈಗ ಅನೇಕ ದೇಶಗಳಲ್ಲಿ ಜಾರಿಯಲ್ಲಿದೆ. ಇದನ್ನು ಕೇವಲ ಈ ಕಾಲದ ಕಚೇರಿ ಕಟ್ಟಳೆಯೆಂದು ತಿಳಿಯುವುದು ವಾಡಿಕೆ. ಆದರೆ ಅಳೆಯುವವರನ್ನು ತರಬೇತುಗೊಳಿಸುವ, ಅವರ ಕೆಲಸವನ್ನು ಮತ್ತೆ ಪರೀಕ್ಷಿಸುವ, ತಪ್ಪಿದಲ್ಲಿ ತಿದ್ದುವ ಸಮಸ್ಯೆಯು ನಮ್ಮ ಈ ಸೀಮೆಯಲ್ಲಿ ಇನ್ನೂರು ವರ್ಷಗಳಿಗೂ ಹಿಂದೆಯೇ ತಲೆದೋರಿತ್ತು. ಆಗ ಅದನ್ನು ಹೇಗೆ ಎದುರಿಸಿದರು, ಎಲ್ಲಿ ಗೆದ್ದರು, ಎಲ್ಲಿ ಸೋತರು ಎಂಬುದನ್ನು ವಿಚಾರಿಸಿ, ಅದರಿಂದ ಈಗಿನ ವ್ಯವಸ್ಥೆಗೆ ಏನಾದರೂ ಪಾಠ ದೊರೆಯುವುದೇ ಎಂದು ನೋಡುವುದು ಪ್ರಕೃತ ಲೇಖನದ ಉದ್ದೇಶವಾಗಿದೆ.

1. ವಿಜಯನಗರದ ಕಾಲ: ನೀರು ಮತ್ತು ಬೆಲೆ

ಶಾಸನಗಳಲ್ಲಿ ದತ್ತಿಯ ಭೂಮಿಯನ್ನು ಹೇಳುವಾಗ ಗದ್ದೆ, ಬೆದ್ದಲು, ತೋಟ, ತುಡಿಕೆ ಎಂದು ವಿಂಗಡಿಸುವುದುಂಟು. ಅನೇಕ ಕಡೆ ಗದ್ದೆಯನ್ನು ಅದರಲ್ಲಿ ಬಿತ್ತುವ ಬೀಜದ ಪರಿಮಾಣದಿಂದ, ಎಂದರೆ ಇಷ್ಟು ಖಂಡುಗ, ಇಷ್ಟು ಕೊಳಗ ಬೀಜವರಿಯ ಭೂಮಿ ಎಂದು ಹೇಳುತ್ತಿದ್ದರು. ಈ ಕ್ರಮದಲ್ಲಿ ವಿಸ್ತಾರವೂ ಗುಣವೂ ಒಂದೇ ಮಾತಿನಲ್ಲಿ ಅಡಕವಾಗಿರುತ್ತಿದ್ದವು. ಅದನ್ನು ತಿಳಿಯಲು ಬೇಕಾದ ವಿದ್ಯೆ ಊರಿನ ಒಕ್ಕಲಿಗನಲ್ಲಿ ಇತ್ತೇ ಹೊರತು ಹೊರಗಿನಿಂದ ಬಂದ ಅಧಿಕಾರಿಯಲ್ಲಿ ಇರಲಿಲ್ಲ.

ಭೂಮಿಯ ಬೆಲೆಯು ನೀರಿನೊಡನೆ ಬದಲಾಗುವುದನ್ನು ಅರಸರು ಬಲ್ಲವರಾಗಿದ್ದರೆಂಬುದಕ್ಕೆ ಹೊಸಪೇಟೆಯದೇ ಒಂದು ನಿದರ್ಶನವಿದೆ. 16ನೆಯ ಶತಮಾನದ ಮೂರನೆಯ, ನಾಲ್ಕನೆಯ ದಶಕಗಳಲ್ಲಿ ವಿಜಯನಗರವನ್ನು ಕಂಡ ಪೋರ್ಚುಗೀಸರಾದ ದೊಮಿಂಗೊ ಪಾಯಸ್ ಮತ್ತು ಫೆರ್ನಾವೊ ನೂನಿಜರು ಕೃಷ್ಣದೇವರಾಯನು ಕಟ್ಟಿಸಿದ ದೊಡ್ಡ ಕೆರೆಯೊಂದನ್ನು ವರ್ಣಿಸಿದ್ದಾರೆ. ಈ ಬರಹಗಳನ್ನು 1900ರಲ್ಲಿ ಇಂಗ್ಲಿಷಿನಲ್ಲಿ ಪ್ರಕಟಿಸಿದ ರಾಬರ್ಟ್ ಸಿವೆಲನು ಆ ಕೆರೆಯು ಹೊಸಪೇಟೆಯ ಬಳಿ, ಸಂಡೂರಿನ ಕಡೆಗೆ ಹೋಗುವ ಕಣಿವೆಯ ಬಾಯಲ್ಲಿದ್ದುದೆಂದು ಗುರುತಿಸಿದನು. ಕೆರೆಯ ಕೆಲಸದಲ್ಲಿ ಪೋರ್ಚುಗೀಸ್ ಕಲ್ಲುಕುಟಿಗನೊಬ್ಬನು ನೆರವಾದನೆಂದು ನೂನಿಜನು ಹೇಳುತ್ತಾನೆ. ನಮಗೆ ಇಲ್ಲಿ ಮುಖ್ಯವಾದುದು ಅವನು ಕೊಡುವ ಇನ್ನೊಂದು ವಿವರ. ಈ ನೀರಿನಿಂದ ಸಾಗುವಳಿಯಾಗುವ ಭೂಮಿಯನ್ನು ರಾಯನು ಜನರಿಗೆ ಒಂಬತ್ತು ವರ್ಷಗಳವರೆಗೆ ಕಂದಾಯವಿಲ್ಲದೆ ಬಿಟ್ಟುಕೊಟ್ಟನು. ಜನರು ಭೂಮಿಯನ್ನು ಹದಮಾಡಿಕೊಂಡ ತರುವಾಯ ಅದರ ಆದಾಯವು 20,000 ಪರ್ದಾವೊಗಳಿಗೆ ಏರಿತು.

ಕಂದಾಯವನ್ನು ಬಿಟ್ಟುಕೊಟ್ಟುದರಲ್ಲಿ ಔದಾರ್ಯವೂ ಇರಬಹುದು. ಆದರೆ ಇಲ್ಲಿ ಮೌಲ್ಯನಿರ್ಣಯದ ಒಂದು ತತ್ತ್ವವೂ ಅಡಗಿದೆಯೆಂದು ನಾವು ಭಾವಿಸುತ್ತೇವೆ. ಕಾಲುವೆ ಬಂದ ದಿನವೇ ಬೆದ್ದಲು ಗದ್ದೆಯಾಗುವುದಿಲ್ಲ. ನೆಲವನ್ನು ಮಟ್ಟಮಾಡಬೇಕು, ಬದುಗಳನ್ನು ಕಟ್ಟಬೇಕು, ಉಳುವವನು ನೀರಾವರಿಯ ಬೇಸಾಯವನ್ನು ಕಲಿಯಬೇಕು. ಅಷ್ಟರವರೆಗೆ ಭೂಮಿಯ ಬೆಲೆಯನ್ನು ಗೊತ್ತುಮಾಡದೆ ಕಾದಿರುವುದೂ ಮೌಲ್ಯಮಾಪಕನ ವಿವೇಕವೇ. ತುರ್ತಾ, ರಾಯ, ಬಸವಣ್ಣ, ರಾಮಸಾಗರ, ಕಂಪ್ಲಿ ಮೊದಲಾದ ಕಾಲುವೆಗಳ ಈ ನಾಡಿನಲ್ಲಿ ಅಂಥ ವಿವೇಕಕ್ಕೆ ವಿಶೇಷ ಸ್ಥಾನವಿತ್ತು.

2. ಮನ್ರೋನ ಮೋಜಣಿ: ನಾಲ್ವರು ಗುಮಾಸ್ತರಿಂದ ನೂರು ಮಂದಿಯವರೆಗೆ

1799ರಲ್ಲಿ ಟಿಪ್ಪುಸುಲ್ತಾನನು ಮಡಿದ ಮೇಲೆ ಬಳ್ಳಾರಿಯ ಸೀಮೆಯು ನಿಜಾಮನ ಪಾಲಿಗೆ ಬಂದಿತು. 1800ರ ಅಕ್ಟೋಬರಿನ ಒಪ್ಪಂದದ ಮೇರೆಗೆ ನಿಜಾಮನು ಅದನ್ನು ಈಸ್ಟ್ ಇಂಡಿಯಾ ಕಂಪನಿಗೆ ಬಿಟ್ಟುಕೊಟ್ಟನು. ದತ್ತಮಂಡಲವೆಂದು ಹೆಸರಾದ ಈ ಪ್ರದೇಶಕ್ಕೆ ಮುಖ್ಯ ಕಲೆಕ್ಟರನಾಗಿ ಬಂದವನು ಥಾಮಸ್ ಮನ್ರೋ. ಅವನು 1807ರವರೆಗೆ ಇಲ್ಲಿದ್ದನು. ಅವನಾದರೂ ಈ ವಿದ್ಯೆಯನ್ನು ಪುಸ್ತಕದಿಂದ ಕಲಿತವನಲ್ಲ. 1792ರಿಂದ ಬಾರಾಮಹಲಿನಲ್ಲಿ ಅಲೆಗ್ಸಾಂಡರ್ ರೀಡನ ಕೈಕೆಳಗೆ ಏಳು ವರ್ಷ ದುಡಿದು, ಮುಂದೆ ಕೆನರಾದಲ್ಲಿ ಕೆಲಸಮಾಡಿ ಬಂದಿದ್ದವನು. ಸಂಡೂರು ಮಾತ್ರ ಆಗ ಘೋರ್ಪಡೆ ಮನೆತನದ ಆಳ್ವಿಕೆಯಲ್ಲಿದ್ದುದರಿಂದ ಅವನ ಮೋಜಣಿಗೆ ಒಳಪಡಲಿಲ್ಲ.

ದತ್ತಮಂಡಲದ ಹೊಲಹೊಲವನ್ನೂ ಅಳೆದು, ಅದರ ತರವನ್ನು ನಿರ್ಣಯಿಸಿ, ಒಬ್ಬೊಬ್ಬ ರೈತನೊಡನೆ ನೇರವಾಗಿ ಕಂದಾಯವನ್ನು ಗೊತ್ತುಮಾಡಬೇಕೆಂಬುದು ಮನ್ರೋನ ಸಂಕಲ್ಪವಾಗಿತ್ತು. ಆದರೆ 1802ರಲ್ಲಿ ಕೆಲಸ ಆರಂಭವಾದಾಗ ಭೂಮಿಯನ್ನು ಅಳೆಯಬಲ್ಲವರು ಅವನ ಕಚೇರಿಯ ನಾಲ್ವರು ಗುಮಾಸ್ತರು ಮಾತ್ರವೇ. ಅವರು ಸ್ಥಳೀಯರಿಗೆ ಕಲಿಸಿದರು. ಕಲಿತವರು ಇತರರಿಗೆ ಕಲಿಸಿದರು. ವರ್ಷ ಕಳೆಯುವಷ್ಟರಲ್ಲಿ ಸಂಖ್ಯೆ 50ಕ್ಕೂ, ಮುಂದಿನ ವರ್ಷ 100ಕ್ಕೂ ಏರಿತು. ಶಾಲೆಯಿಲ್ಲ, ಪಠ್ಯವಿಲ್ಲ, ಹೊಲದ ಬದುವೇ ಪಾಠಶಾಲೆ, 33 ಅಡಿಯ ಸರಪಳಿಯೇ ಸಾಧನ. ಆ ಸರಪಳಿಯ ಒಂದು ಚದರವೇ ಒಂದು ಗುಂಟೆ. ಅಂಥ 40 ಸೇರಿ ಒಂದು ಎಕರೆ. ಇಂದಿಗೂ ನಮ್ಮ ರೈತರು ಈ ಲೆಕ್ಕದಲ್ಲಿಯೇ ಮಾತಾಡುತ್ತಾರೆ.

ಈ ಏರ್ಪಾಡಿನಲ್ಲಿ ಮೂರು ಮೆಟ್ಟಿಲುಗಳಿದ್ದವು. ಮೊದಲನೆಯದು ಅಳತೆ. ಮೋಜಣಿದಾರರನ್ನು ತಂಡಗಳಾಗಿ ವಿಂಗಡಿಸಿ, ಪ್ರತಿ ತಂಡಕ್ಕೂ ಒಬ್ಬ ಹಿರಿಯನನ್ನು ನೇಮಿಸಿದ್ದರು. ಮೋಜಣಿದಾರರಿಗೆ ಅಳೆದ ಎಕರೆಗಳ ಲೆಕ್ಕದಲ್ಲಿ ಸಂಬಳ ಸಲ್ಲುತ್ತಿದ್ದುದರಿಂದ ಆತುರದ ಅಳತೆಗೆ ಆಸ್ಪದವಿತ್ತು. ಇದನ್ನು ತಡೆಯಲು ಹಿರಿಯನು ಆರಿಸಿಕೊಂಡ ಕೆಲವು ಹೊಲಗಳನ್ನು ಮರಳಿ ಅಳೆಯುತ್ತಿದ್ದನು. ಅಂತರವು ಒಂದು ಮಿತಿಯನ್ನು ಮೀರಿದರೆ ಮೊದಲು ಅಳೆದವನು ಕೆಲಸದಿಂದ ಹೋಗಬೇಕಾಗಿತ್ತು. ಎರಡನೆಯದು ತರ ನಿರ್ಣಯ. ಅಳತೆಯವರ ಹಿಂದೆಯೇ ತರ ಗೊತ್ತುಮಾಡುವವರು ಬರುತ್ತಿದ್ದರು. ಅವರು ಪಟೇಲ, ಶಾನುಭೋಗ ಮತ್ತು ರೈತರನ್ನು ಜೊತೆಗೆ ಕರೆದುಕೊಂಡು ಹೊಲಗಳನ್ನು ಸುತ್ತಿ, ಯಾವ ನೆಲ ಯಾವ ತರಕ್ಕೆ ಸೇರಿದುದೆಂದು ಬರೆದುಕೊಳ್ಳುತ್ತಿದ್ದರು. ಮೂರನೆಯದು ಮರುಪರಿಶೀಲನೆ. ತರದವರ ಕೆಲಸವನ್ನು ಅವರಿಗಿಂತ ಅನುಭವಿಗಳಾದ ಮುಖ್ಯಸ್ಥರು ನೋಡಿ ತಿದ್ದುತ್ತಿದ್ದರು; ಅನಂತರ ಕಲೆಕ್ಟರನ ಕಚೇರಿಯಲ್ಲಿ ಊರಿನವರ ಸಮಕ್ಷಮದಲ್ಲಿ ಮತ್ತೊಮ್ಮೆ ಚರ್ಚೆಯಾಗುತ್ತಿತ್ತು.

ತರ ನಿರ್ಣಯವು ವಾಸ್ತವದಲ್ಲಿ ತನ್ನ ನೌಕರರದಕ್ಕಿಂತ ಹೆಚ್ಚಾಗಿ ಪಟೇಲ, ಶಾನುಭೋಗ ಮತ್ತು ರೈತರದೇ ಆಗಿತ್ತೆಂದು ಮನ್ರೋನು ಒಪ್ಪಿಕೊಂಡಿದ್ದಾನೆ. ಈ ಮಾತಿಗೆ ನಾವು ವಿಶೇಷ ಗಮನ ಕೊಡಬೇಕು. ಸರ್ಕಾರದ ತರಬೇತು ಪಡೆದವನು ಅಳತೆಯ ಕ್ರಮವನ್ನು ಕಲಿತಿದ್ದನು. ನೆಲದ ಗುಣವನ್ನು ಮಾತ್ರ ಅವನು ಪ್ರತಿ ಊರಿನಲ್ಲಿಯೂ ಹೊಸದಾಗಿ ಕಲಿಯಬೇಕಾಗಿತ್ತು. ಅಲ್ಲಿ ಅವನಿಗೆ ಗುರುವಾದವನು ಉಳುವವನೇ. ಆ ಗುರುವಿಗೆ ತನ್ನದೇ ಸ್ವಾರ್ಥವೂ ಇತ್ತೆಂಬುದು ನಿಜ. ತನ್ನ ಹೊಲವನ್ನು ಕೀಳು ತರದಲ್ಲಿ ಬರೆಸಿಕೊಳ್ಳಲು ಯಾವ ರೈತನು ಬಯಸನು? ಆದರೆ ಒಬ್ಬನ ಹೊಲದ ತರ ಇಳಿದರೆ ನೆರೆಯವನು ಸುಮ್ಮನಿರುತ್ತಿರಲಿಲ್ಲ. ಹೀಗೆ ಊರಿನವರ ಪರಸ್ಪರ ಸಾಕ್ಷ್ಯವೇ ತಕ್ಕಮಟ್ಟಿನ ತಡೆಯಾಗಿತ್ತು.

ಇದನ್ನು ಶಿಕ್ಷಣವೆನ್ನಬಹುದೇ, ಬರಿಯ ಕಾವಲೆನ್ನಬೇಕೇ ಎಂಬ ಆಕ್ಷೇಪಣೆ ಬರಬಹುದು. ಕೆಲಸ ಕಳೆದುಕೊಳ್ಳುವ ಭಯದಿಂದ ನಡೆಯುವ ತಿದ್ದುಪಡಿಯನ್ನು ಶಿಕ್ಷಣವೆಂದು ಕರೆಯಲು ನಾವೂ ಹಿಂಜರಿಯುತ್ತೇವೆ. ಆದರೆ ನಾಲ್ವರಿದ್ದ ವಿದ್ಯೆ ಎರಡು ವರ್ಷಗಳೊಳಗೆ ನೂರು ಮಂದಿಯದಾಗಬೇಕಾದರೆ ಅಲ್ಲಿ ಕಲಿಸುವ ಕಾರ್ಯ ನಡೆದೇ ಇರಬೇಕು. ಮರು ಅಳತೆಯಲ್ಲಿ ಕಂಡ ತಪ್ಪು ಮುಂದಿನ ಹೊಲಕ್ಕೆ ಪಾಠವಾಗಿಯೇ ಇರಬೇಕು.

3. 1807ರ ವರದಿ: ತಿದ್ದದೆ ಉಳಿದ ತಪ್ಪು

ಅಳತೆಯೂ ತರವೂ ಇಷ್ಟು ಎಚ್ಚರದಿಂದ ನಡೆದರೂ ಕಂದಾಯದ ದರವು ಭಾರವಾಗಿಯೇ ಇತ್ತು. ಇದನ್ನು ಕಂಡುಕೊಂಡವನು ಅದನ್ನು ವಿಧಿಸಿದ ಮನ್ರೋನೇ. 1807ರ ಆಗಸ್ಟ್ 15ರ ವರದಿಯಲ್ಲಿ ಅವನು ತನ್ನ ಮೋಜಣಿಯ ದರದಿಂದ ಎಲ್ಲ ಭೂಮಿಗೂ ನೂರಕ್ಕೆ 25ರಷ್ಟನ್ನೂ, ಕೆರೆ ಬಾವಿಗಳ ನೀರಾವರಿಯ ಭೂಮಿಗೆ ಅದರ ಮೇಲೆ ಇನ್ನೂ ನೂರಕ್ಕೆ 8ರಷ್ಟನ್ನೂ ಇಳಿಸಬೇಕೆಂದು ಸೂಚಿಸಿದನು. ಮೋಜಣಿಯ ದರದಲ್ಲಿ ಸರ್ಕಾರದ ಪಾಲು ಒಟ್ಟು ಉತ್ಪನ್ನದ ನೂರಕ್ಕೆ 45ರ ಆಸುಪಾಸಿಗೆ ಬರುತ್ತದೆ, ಅದು ಮೂರನೆಯ ಒಂದು ಪಾಲಿಗೆ ಇಳಿಯದೆ ರೈತನು ಭೂಮಿಯ ಮೇಲೆ ಹಣ ಹಾಕಲಾರನು, ಭೂಮಿಗೆ ಮಾರುವ ಬೆಲೆಯೂ ಬಾರದು ಎಂಬುದು ಅವನ ವಾದದ ತಿರುಳು.

ಮೌಲ್ಯಮಾಪನದ ಚರಿತ್ರೆಯಲ್ಲಿ ಇದು ಸ್ಮರಣೀಯವಾದ ಸಂಗತಿ. ಐದು ವರ್ಷ ಪಟ್ಟು ಹಿಡಿದು ಮಾಡಿದ ಕೆಲಸದ ಫಲವನ್ನು ತಾನೇ ಪರೀಕ್ಷಿಸಿ, ಅದು ಹೆಚ್ಚಾಯಿತೆಂದು ಮೇಲಧಿಕಾರಿಗಳಿಗೆ ಬರೆಯುವುದು ಸುಲಭವಲ್ಲ. ಆದರೆ ಮದರಾಸು ಸರ್ಕಾರವು ಆಗ ಅದನ್ನು ಅಂಗೀಕರಿಸಲಿಲ್ಲ. 1808ರಲ್ಲಿ ದತ್ತಮಂಡಲವನ್ನು ಬಳ್ಳಾರಿ, ಕಡಪ ಎಂಬ ಎರಡು ಜಿಲ್ಲೆಗಳಾಗಿ ಒಡೆಯಲಾಯಿತು. ರೈತವಾರಿ ಪದ್ಧತಿಯನ್ನು ಕೈಬಿಟ್ಟು ಊರೂರನ್ನೇ ಮೊದಲು ಮೂರು ವರ್ಷಗಳ, ಅನಂತರ ಹತ್ತು ವರ್ಷಗಳ ಗುತ್ತಿಗೆಗೆ ಕೊಟ್ಟರು. ಗುತ್ತಿಗೆದಾರರಲ್ಲಿ ಅನೇಕರು ಹಾಳಾದರು. ಅವರ ಕೈಕೆಳಗಿನ ರೈತರ ಕಷ್ಟವನ್ನು ಹೇಳಬೇಕಾಗಿಲ್ಲ. 1820ರಲ್ಲಿ ಮನ್ರೋನು ಮದರಾಸಿನ ಗವರ್ನರಾಗಿ ಬಂದ ಮೇಲೆಯೇ ರೈತವಾರಿಯೂ ದರದ ಇಳಿತವೂ ಸಿದ್ಧಿಸಿದವು. ಅವನು 1827ರ ಜುಲೈ 6ರಂದು ಇದೇ ದತ್ತಮಂಡಲದ ಸಂಚಾರದಲ್ಲಿದ್ದಾಗ ಪತ್ತಿಕೊಂಡದಲ್ಲಿ ವಾಂತಿಭೇದಿಯಿಂದ ತೀರಿಕೊಂಡನು.

ಇದರಿಂದ ನಮಗೆ ತಿಳಿಯುವುದೇನು? ಕೈಯ ತಪ್ಪನ್ನು, ಎಂದರೆ ಸರಪಳಿಯ ತಪ್ಪನ್ನು, ದಿನದಿನವೂ ತಿದ್ದಲು ಅಲ್ಲಿ ವ್ಯವಸ್ಥೆಯಿತ್ತು. ಕಣ್ಣಿನ ತಪ್ಪನ್ನು, ಎಂದರೆ ತರದ ತಪ್ಪನ್ನು, ತಿದ್ದಲು ಊರಿನವರಿದ್ದರು. ದರದ ತಪ್ಪನ್ನು ತಿದ್ದಲು ಮಾತ್ರ ವ್ಯವಸ್ಥೆಯಿರಲಿಲ್ಲ. ಒಬ್ಬನಿಗೆ ಅರಿವಾದರೂ ಆ ಅರಿವು ಆಜ್ಞೆಯಾಗಲು ಹದಿಮೂರು ವರ್ಷಗಳು ಬೇಕಾದವು. ಕೆಳಗಿನ ನೌಕರನು ಎಷ್ಟು ಚೆನ್ನಾಗಿ ಕಲಿತರೂ ಮೇಲಿನವರು ಕಲಿಯದಿದ್ದರೆ ಫಲವಿಲ್ಲವೆಂಬುದೇ ಇದರ ತಾತ್ಪರ್ಯ.

4. ಬದಲಾದ ನೆಲ: ಅಣೆಕಟ್ಟು, ಅದಿರು, ಸ್ಮಾರಕ

ಮನ್ರೋನ ತರುವಾಯ ಈ ಸೀಮೆಯ ಭೂಮಿ ಮೂರು ಬಗೆಯಲ್ಲಿ ಮಾರ್ಪಟ್ಟಿತು. ಹಳೆಯ ವಿದ್ಯೆ ಹೊಸ ಕಾಲಕ್ಕೆ ಏಕೆ ಸಾಲದೆಂಬುದನ್ನು ಇವು ಮೂರೂ ತೋರಿಸಿಕೊಡುತ್ತವೆ.

ಮೊದಲನೆಯದು ತುಂಗಭದ್ರಾ ಅಣೆಕಟ್ಟು. 1945ರಲ್ಲಿ ಆರಂಭವಾದ ಈ ಕಾರ್ಯದಿಂದ 1953ರಲ್ಲಿ ನೀರು ಹರಿಯಿತು. ಅದೇ ವರ್ಷ ಅಕ್ಟೋಬರ್ 1ರಂದು ಹೊಸಪೇಟೆ, ಸಂಡೂರುಗಳನ್ನೊಳಗೊಂಡ ಬಳ್ಳಾರಿಯ ತಾಲ್ಲೂಕುಗಳು ಮೈಸೂರು ರಾಜ್ಯವನ್ನು ಸೇರಿದವು. ಹಿನ್ನೀರಿನಲ್ಲಿ ಸುಮಾರು 90 ಗ್ರಾಮಗಳು ಮುಳುಗಿದವು. ಮುಳುಗಿದ ಭೂಮಿಗೆ ಕೊಟ್ಟ ಪರಿಹಾರವೂ ಒಂದು ಮೌಲ್ಯನಿರ್ಣಯವೇ. ಆ ನಿರ್ಣಯ ಸರಿಯಿತ್ತೇ ಎಂದು ಮತ್ತೆ ಹೋಗಿ ನೋಡಲು ಹೊಲವೇ ಉಳಿಯಲಿಲ್ಲ. ಇತ್ತ ರಾಯ, ಬಸವಣ್ಣ ಕಾಲುವೆಗಳು ಜಲಾಶಯದಿಂದಲೇ ನೀರು ಪಡೆಯತೊಡಗಿದವು. ಮೊದಲು ಸುಮಾರು 133 ಟಿ.ಎಂ.ಸಿ. ನೀರು ಹಿಡಿಯುತ್ತಿದ್ದ ಜಲಾಶಯದ ಸಾಮರ್ಥ್ಯ ಹೂಳಿನಿಂದ ಸುಮಾರು 106 ಟಿ.ಎಂ.ಸಿ.ಗೆ ಇಳಿದಿದೆ. 2024ರ ಆಗಸ್ಟಿನಲ್ಲಿ 19ನೆಯ ಕ್ರೆಸ್ಟ್‌ಗೇಟು ಕೊಚ್ಚಿಹೋದಾಗ ಎರಡನೆಯ ಬೆಳೆಯ ಆಸೆಯೇ ಅಲುಗಾಡಿತು. ಕಾಲುವೆಯ ಕೊನೆಯ ಭಾಗದ ಗದ್ದೆಯನ್ನು ಪಹಣಿಯಲ್ಲಿ ನೀರಾವರಿಯೆಂದು ಬರೆದಿದ್ದರೂ ಅಲ್ಲಿಗೆ ಎಷ್ಟು ತಿಂಗಳು ನೀರು ತಲುಪುವುದೆಂಬುದನ್ನು ತಿಳಿಯದೆ ಬೆಲೆ ಹೇಳುವವನು ಕಾಗದಕ್ಕೆ ಬೆಲೆ ಹೇಳುವನೇ ವಿನಾ ಭೂಮಿಗಲ್ಲ.

ಎರಡನೆಯದು ಸಂಡೂರಿನ ಅದಿರು. ಸಂಡೂರು ಸಂಸ್ಥಾನವು 1949ರಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ ವಿಲೀನವಾಯಿತು. ಕಬ್ಬಿಣದ ಅದಿರಿಗೆ ಬೇಡಿಕೆ ಏರಿದ ವರ್ಷಗಳಲ್ಲಿ ಇಲ್ಲಿಯ ಭೂಮಿಯ ಬೆಲೆಗೂ ಬೆಳೆಗೂ ಇದ್ದ ನಂಟು ಸಡಿಲವಾಯಿತು. 2011ರ ಜುಲೈ 29ರಂದು ಸುಪ್ರೀಂ ಕೋರ್ಟು ಬಳ್ಳಾರಿಯ ಗಣಿಗಾರಿಕೆಯನ್ನು ನಿಲ್ಲಿಸಿತು. 2013ರ ಏಪ್ರಿಲಿನಲ್ಲಿ ಗಣಿಗಳನ್ನು ವರ್ಗೀಕರಿಸಿ ಅಂತಿಮ ತೀರ್ಪನ್ನಿತ್ತಿತು. ಲಾರಿ ನಿಲ್ಲಿಸುವ ಜಾಗವೆಂದು ಬೆಲೆ ಕಟ್ಟಿದ ಹೊಲ ನ್ಯಾಯಾಲಯದ ಒಂದು ಆಜ್ಞೆಯಿಂದ ಮತ್ತೆ ಬರಿಯ ಹೊಲವಾಗಬಹುದು, ಅದೂ ಕೆಂದೂಳು ಮುಸುಕಿದ ಹೊಲ. ಇದು ಯಾವ ಹಳೆಯ ತರದ ಪಟ್ಟಿಯಲ್ಲಿಯೂ ಕಾಣದ ಸಂಗತಿ.

ಮೂರನೆಯದು ಹಂಪೆ. 1986ರಲ್ಲಿ ಹಂಪೆಯ ಸ್ಮಾರಕಗಳು ವಿಶ್ವಪರಂಪರೆಯ ಪಟ್ಟಿಯನ್ನು ಸೇರಿದವು. 1999ರಲ್ಲಿ ಅಪಾಯದಲ್ಲಿರುವ ತಾಣಗಳ ಪಟ್ಟಿಗೆ ಸೇರಿ, 2006ರಲ್ಲಿ ಅದರಿಂದ ಹೊರಬಂದವು. ಈ ನಡುವೆ 2002ರಲ್ಲಿ ಹಂಪಿ ವಿಶ್ವಪರಂಪರಾ ಪ್ರದೇಶ ನಿರ್ವಹಣಾ ಪ್ರಾಧಿಕಾರದ ಕಾನೂನು ರಚಿತವಾಯಿತು. ಈ ಮೇರೆಗಳೊಳಗೆ ಯಾರ ಜಮೀನು ಯಾವ ವಲಯದಲ್ಲಿದೆ, ಅಲ್ಲಿ ಕಟ್ಟಲು ಅನುಮತಿಯುಂಟೇ ಇಲ್ಲವೇ ಎಂಬುದರ ಮೇಲೆ ಬೆಲೆ ನಿಂತಿದೆ. ಬಸವಣ್ಣ ಕಾಲುವೆಯ ನೀರನ್ನು ಬಲ್ಲವನು ಈ ವಲಯಗಳ ನಕ್ಷೆಯನ್ನು ಬಲ್ಲವನಾಗಿರಬೇಕೆಂಬ ನಿಯಮವೇನೂ ಇಲ್ಲ. ಎರಡನ್ನೂ ಅವನು ಕಲಿಯಬೇಕು.

5. ಈಗಿನ ಕಟ್ಟಳೆಗಳು

ನಮ್ಮ ದೇಶದಲ್ಲಿ 2013ರ ಕಂಪನಿ ಕಾನೂನಿನ 247ನೆಯ ಪ್ರಕರಣದ ಆಧಾರದ ಮೇಲೆ 2017ರ ಅಕ್ಟೋಬರಿನಲ್ಲಿ ನೋಂದಾಯಿತ ಮೌಲ್ಯಮಾಪಕರ ನಿಯಮಗಳು ಹೊರಬಂದವು. ಭೂಮಿ ಮತ್ತು ಕಟ್ಟಡ ಎಂಬುದು ಅದರಲ್ಲಿ ಒಂದು ಪ್ರತ್ಯೇಕ ವರ್ಗ. ಅರ್ಹತೆಯೂ ಅನುಭವವೂ ಉಳ್ಳವನು ಮೌಲ್ಯಮಾಪಕರ ಒಂದು ಸಂಸ್ಥೆಯ ಸದಸ್ಯನಾಗಿ, ಗೊತ್ತಾದ ಪಠ್ಯಕ್ರಮವನ್ನು ಮುಗಿಸಿ, ಐ.ಬಿ.ಬಿ.ಐ. ಮಂಡಳಿಯ ಪರೀಕ್ಷೆಯಲ್ಲಿ ತೇರ್ಗಡೆಯಾಗಿ ನೋಂದಣಿ ಪಡೆಯಬೇಕು. ಸದಸ್ಯರ ಮುಂದುವರಿದ ಶಿಕ್ಷಣಕ್ಕೆ ಏರ್ಪಾಡು ಮಾಡುವುದು ಆ ಸಂಸ್ಥೆಯ ಕರ್ತವ್ಯಗಳಲ್ಲಿ ಒಂದೆಂದು ನಿಯಮಗಳು ಹೇಳುತ್ತವೆ. ಅಮೆರಿಕ ಸಂಯುಕ್ತ ಸಂಸ್ಥಾನಗಳಲ್ಲಿ ಸಾಲಸಂಸ್ಥೆಗಳು ಕುಸಿದ ಮೇಲೆ 1989ರಲ್ಲಿ ಬಂದ ಕಾನೂನು ಈ ವಿಷಯದಲ್ಲಿ ಇನ್ನೂ ಬಿಗಿಯಾದ ಕ್ರಮಕ್ಕೆ ದಾರಿಮಾಡಿತು. ಅಲ್ಲಿ ಪರವಾನಗಿಯನ್ನು ನವೀಕರಿಸಬೇಕಾದರೆ ವರ್ಷಕ್ಕೆ 14 ಗಂಟೆಗಳ ಲೆಕ್ಕದಲ್ಲಿ ಎರಡು ವರ್ಷಕ್ಕೆ 28 ಗಂಟೆಗಳ ಪಾಠವನ್ನು ಕೇಳಲೇಬೇಕು. ಅದರಲ್ಲಿ 7 ಗಂಟೆ ವೃತ್ತಿಯ ನಿಯಮಗಳ ಹೊಸ ಪರಿಷ್ಕರಣಕ್ಕೇ ಮೀಸಲು.

ಕಂಪನಿಗಳ, ಬ್ಯಾಂಕುಗಳ ವ್ಯವಹಾರಗಳಾಚೆಗೆ ರೈತನನ್ನು ಮುಟ್ಟುವ ಮೌಲ್ಯನಿರ್ಣಯ ಬೇರೆ ಇದೆ. ಕರ್ನಾಟಕದಲ್ಲಿ ಮುದ್ರಾಂಕ ಕಾನೂನಿನ ಮೇರೆಗೆ ಕೇಂದ್ರ ಮೌಲ್ಯಮಾಪನ ಸಮಿತಿಯ ಉಸ್ತುವಾರಿಯಲ್ಲಿ ಸ್ಥಿರಾಸ್ತಿಯ ಮಾರ್ಗಸೂಚಿ ಬೆಲೆ ನಿಗದಿಯಾಗುತ್ತದೆ. 2023ರ ಅಕ್ಟೋಬರ್ 1ರಿಂದ ಪರಿಷ್ಕೃತ ಬೆಲೆಗಳು ಜಾರಿಗೆ ಬಂದವು. 2014ರ ಜನವರಿಯಿಂದ ಜಾರಿಯಲ್ಲಿರುವ ಭೂಸ್ವಾಧೀನ ಕಾನೂನು ಪರಿಹಾರವನ್ನು ಲೆಕ್ಕಹಾಕುವಾಗ ಈ ಬೆಲೆಯನ್ನೂ, ಹಿಂದಿನ ಮೂರು ವರ್ಷಗಳ ನೆರೆಯ ಮಾರಾಟಗಳನ್ನೂ ನೋಡುತ್ತದೆ. ಆದರೆ ಕ್ರಯಪತ್ರಗಳಲ್ಲಿ ನಿಜವಾದ ಬೆಲೆಯ ಬದಲು ಮಾರ್ಗಸೂಚಿ ಬೆಲೆಯನ್ನೇ ಬರೆಯಿಸುವ ರೂಢಿ ಇರುವೆಡೆ ಎರಡೂ ಒಂದೇ ಆಗುತ್ತವೆ. ಆಗ ಮಾರ್ಗಸೂಚಿ ಬೆಲೆಯನ್ನು ಪರಿಷ್ಕರಿಸಲು ತಡವಾದಷ್ಟೂ ಭೂಮಿ ಕಳೆದುಕೊಳ್ಳುವವನಿಗೆ ನಷ್ಟ. 1807ರಲ್ಲಿ ತಿದ್ದದೆ ಉಳಿದ ದರದ ಹೊರೆ ಯಾರ ಮೇಲೆ ಬಿದ್ದಿತೋ ಇದೂ ಅವರ ಮೇಲೆಯೇ ಬೀಳುತ್ತದೆ.

6. ಉಪಸಂಹಾರ

ಮೇಲಿನ ವಿವೇಚನೆಯಿಂದ ನಮಗೆ ತೋರುವುದಿಷ್ಟು. ಮರುಶಿಕ್ಷಣವನ್ನು ಗಂಟೆಗಳಿಂದ ಅಳೆಯುವ ಕ್ರಮವು ಅನಾವಶ್ಯಕವಲ್ಲ. ಕಾನೂನೂ ಲೆಕ್ಕದ ರೀತಿಗಳೂ ಬದಲಾಗುತ್ತಿರುವಾಗ ಅದು ಇರಲೇಬೇಕು. ಆದರೆ ಅದು ಮನ್ರೋನ ಮೂರು ಮೆಟ್ಟಿಲುಗಳಲ್ಲಿ ಮೊದಲನೆಯದನ್ನು ಮಾತ್ರ ಮುಟ್ಟುತ್ತದೆ. ಎಲ್ಲಿಯೋ ಕುಳಿತು ಕೇಳಿದ ಪಾಠದಿಂದ ಕಂಪ್ಲಿಯ ಕಾಲುವೆಯ ಕೊನೆಯ ಗದ್ದೆಯ ಸ್ಥಿತಿ ತಿಳಿಯದು. ಎರಡನೆಯ ಮೆಟ್ಟಿಲಾದ ಸ್ಥಳೀಯರ ಸಾಕ್ಷ್ಯಕ್ಕೂ ಮೂರನೆಯದಾದ ಮರು ಅಳತೆಗೂ ನವೀಕರಣದ ನಿಯಮದಲ್ಲಿ ಎಡೆ ದೊರೆಯಬೇಕು. ಮೌಲ್ಯಮಾಪಕನು ಐದು ವರ್ಷಗಳ ಹಿಂದೆ ತಾನೇ ಬೆಲೆ ಕಟ್ಟಿದ ಕೆಲವು ಜಮೀನುಗಳಿಗೆ ಮರಳಿ ಹೋಗಿ, ತನ್ನ ಹಳೆಯ ವರದಿಯನ್ನು ಅಲ್ಲಿಯ ನೆಲದೊಡನೆ ಹೋಲಿಸಿ, ಎಲ್ಲಿ ತಪ್ಪಿದೆನೆಂದು ಬರೆದು ಒಪ್ಪಿಸುವುದನ್ನು ಮರುಶಿಕ್ಷಣದ ಒಂದು ಭಾಗವಾಗಿ ಎಣಿಸಬಾರದೇಕೆ? 1807ರ ವರದಿಯು ಇಂಥ ಆತ್ಮಪರೀಕ್ಷೆಗೆ ಉತ್ತಮ ಮಾದರಿಯಾಗಿದೆ. ಅಂಥ ವರದಿಗಳನ್ನು ಕಡತದಲ್ಲಿ ಮಲಗಿಸದೆ ದರ ಗೊತ್ತುಮಾಡುವ ಸಮಿತಿಗಳೂ ಓದಬೇಕು. ಇಲ್ಲವಾದರೆ ಮತ್ತೆ ಹದಿಮೂರು ವರ್ಷ ಕಾಯಬೇಕಾದೀತು.

ಈ ಕೆಲಸದಲ್ಲಿ ನಮ್ಮ ಕಾಲೇಜುಗಳ ಚರಿತ್ರೆಯ ಅಧ್ಯಾಪಕರಿಗೂ ವಿದ್ಯಾರ್ಥಿಗಳಿಗೂ ಪಾಲಿದೆಯೆಂದು ನಾವು ನಂಬುತ್ತೇವೆ. ಊರಿನ ಹಳೆಯ ಸೆಟ್ಲ್‌ಮೆಂಟ್ ದಾಖಲೆ, ಕಾಲುವೆಯ ನೀರಿನ ಸರದಿಯ ಪುಸ್ತಕ, ಮುಳುಗಡೆಯ ಊರುಗಳಿಂದ ಬಂದ ಹಿರಿಯರ ನೆನಪು ಇವೆಲ್ಲವೂ ಚರಿತ್ರೆಯ ಆಕರಗಳು ಮಾತ್ರವಲ್ಲ, ಭೂಮಿಯ ಬೆಲೆಯ ಆಕರಗಳೂ ಹೌದು. ಒಂದು ತರಗತಿಯ ವಿದ್ಯಾರ್ಥಿಗಳು ಒಂದು ಕಾಲುವೆಯನ್ನು ಆರಿಸಿಕೊಂಡು, ತೂಬಿನಿಂದ ಕೊನೆಯ ಗದ್ದೆಯವರೆಗೆ ನಡೆದು, ಕಾಗದದಲ್ಲಿರುವುದಕ್ಕೂ ನೆಲದಲ್ಲಿರುವುದಕ್ಕೂ ಇರುವ ಅಂತರವನ್ನು ಬರೆದಿಟ್ಟರೆ, ಮುಂದೆ ಅದೇ ನೆಲಕ್ಕೆ ಬೆಲೆ ಕಟ್ಟಲು ಬರುವವರಿಗೆ ಅದಕ್ಕಿಂತ ಉಪಯುಕ್ತವಾದ ಪಾಠ ಬೇರೆ ದೊರೆಯಲಾರದು.